ಭಾನುವಾರದ ಬೇಡಿಕೆ

"ನಿಮ್ಮ ಅಡುಗೆಯವಳು ಇವತ್ತೂ ಲಾಂಡ್ರಿ ಗೇಟಿನ ಹತ್ರ ನಿಂತಿದ್ಲು, ಫಾದರ್," ಎಂದರು ಚರ್ಚಿನಲ್ಲಿ ವಾದ್ಯ ನುಡಿಸುವ ಆರ್ಗನ್ ಮೇಷ್ಟ್ರು. ಅವರ ಲೆಕ್ಕದಲ್ಲಿ ಅದು ಪಿಸುಮಾತು. ಬೇರೆಯವರಿಗೆ ಅದು ಕೂಗಿದಂತೆಯೇ ಕೇಳುತ್ತಿತ್ತು.

ಗುರುಗಳು ಪೂಜಾವಸ್ತ್ರ ಕಳಚಿ ಬೆಂಚಿನ ಮೇಲೆ ಕುಸಿದರು. ಬೆಳಗಿನ ಬಲಿಪೂಜೆ, ಆಮೇಲೆ ಆಸ್ಪತ್ರೆ, ಮಧ್ಯಾಹ್ನ ಒಂದು ಶವಸಂಸ್ಕಾರ, ಈಗ ಸಂಜೆಯ ಪೂಜೆ. ಮೊಣಕಾಲು ಕಿತ್ತು ಬರುತ್ತಿತ್ತು. ಇನ್ನು ಪಕ್ಕದ ಹಾಲ್‌ನಲ್ಲಿ ಲಾಂಡ್ರಿ ಹೆಂಗಸರ ಸಭೆ ಬೇರೆ ಇತ್ತು.

"ತರಕಾರಿಗೆ ಹೋಗಿರ್ತಾಳೆ ಬಿಡಿ."

"ಮಾರ್ಕೆಟ್ಟು ಈ ಕಡೆ, ಲಾಂಡ್ರಿ ಆ ಕಡೆ. ನಾವು ಇಲ್ಲಿ ಏನೇ ಮಾತಾಡಲಿ, ಮಾರನೇ ದಿನ ಮ್ಯಾನೇಜರ್ ಬಾಯಲ್ಲಿರುತ್ತೆ. ಚಹಾ ಕೊಡೋ ನೆಪದಲ್ಲಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳೋರು ಯಾರು? ನೀವೇ ಹೇಳಿ."

ಗುರುಗಳು ಪೂಜಾವಸ್ತ್ರ ಮಡಚತೊಡಗಿದರು. ಆದರೆ ತಲೆಯೊಳಗೆ ಹುಳ ಹೊಕ್ಕಾಗಿತ್ತು.

ಆಸ್ಪತ್ರೆಯ, ಹೋಟೆಲುಗಳ ಹಾಸಿಗೆಬಟ್ಟೆಯೆಲ್ಲ ಆ ಲಾಂಡ್ರಿಗೇ ಹೋಗುತ್ತಿತ್ತು. ಹೆಂಗಸರು ದಿನವಿಡೀ ಹಬೆಯಲ್ಲಿ ನಿಂತು ಒಗೆಯುತ್ತಿದ್ದರು, ಹಿಂಡುತ್ತಿದ್ದರು, ಇಸ್ತ್ರಿ ಹಾಕುತ್ತಿದ್ದರು. ವಾರದಲ್ಲಿ ಒಂದು ದಿನವೂ ಬಿಡುವಿಲ್ಲ. ಭಾನುವಾರದ ಪೂಜೆಯಲ್ಲಿ ಹೆಂಗಸರ ಬೆಂಚುಗಳು ಖಾಲಿ ಬೀಳುವುದನ್ನು ಕಂಡು ಗುರುಗಳೇ ಕಾರಣ ವಿಚಾರಿಸಿಕೊಂಡು ಹೋಗಿದ್ದರು. ಹೋರಾಟ ಶುರುವಾದದ್ದು ಅಲ್ಲಿಂದ. ಬೇಡಿಕೆ ಒಂದೇ: ಭಾನುವಾರ ರಜೆ.

ಆ ಸಂಜೆ ಮೊದಲು ಮಾತಾಡಿದವಳು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದ ಹೆಂಗಸು. ಮುಂಗೈ ತುಂಬ ಸುಟ್ಟ ಕಲೆ.

"ನಾನು ಹೊರಡುವಾಗ ಮಗು ಮಲಗಿರುತ್ತೆ, ಬಂದಾಗಲೂ ಮಲಗಿರುತ್ತೆ. ಮೊನ್ನೆ ಎತ್ಕೊಂಡ್ರೆ ಯಾರೋ ಅಂದ್ಕೊಂಡು ಚೀರ್ತು."

ಬಾಗಿಲಲ್ಲಿ ಅಡುಗೆಯಾಕೆಯ ಕೈಯ ತಟ್ಟೆ ವಾಲಿ ಕಪ್ಪುಗಳು ಸದ್ದು ಮಾಡಿದವು. ಆರ್ಗನ್ ಮೇಷ್ಟ್ರು ಗುರುಗಳನ್ನು ನೋಡಿ ಹುಬ್ಬೇರಿಸಿದರು.

"ಒಬ್ಬೊಬ್ಬರೇ ಹೋಗಿ ಕೇಳಬೇಡಿ," ಎಂದರು ಗುರುಗಳು. "ಬೈಸಿಕೊಂಡು ವಾಪಸ್ ಬರ್ತೀರಿ, ಅಷ್ಟೇ. ಎಲ್ಲರೂ ಒಟ್ಟಿಗೆ ಹೋಗಿ ನಿಲ್ಲಿ. ಕೂಗಾಡೋದು ಬೇಡ. ಉತ್ತರ ಸಿಗೋವರೆಗೂ ಕದಲಬೇಡಿ."

ಸಭೆ ಮುಗಿಯಿತು. ಅಡುಗೆಯಾಕೆ ಕಪ್ಪುಗಳನ್ನು ಕೂಡಿಸುತ್ತ ಹತ್ತಿರ ಬಂದಳು.

"ಫಾದರ್, ಹಾಗೆ ಕೇಳಿದೋರನ್ನ ಕೆಲಸದಿಂದ ತೆಗೆದುಬಿಟ್ರೆ?"

"ನಿನಗ್ಯಾಕೆ ಆ ಉಸಾಬರಿ?"

ಮಾತು ಅವರು ಎಣಿಸಿದ್ದಕ್ಕಿಂತ ಒರಟಾಗಿ ಬಂದಿತ್ತು. ಆಕೆ ಕಪ್ಪುಗಳ ಕಡೆ ನೋಡಿದಳು. "ಸುಮ್ನೆ ಕೇಳ್ದೆ."

"ಇನ್ನು ಮೇಲೆ ಚಹಾ ಇಟ್ಟು ಹೋಗಿಬಿಡು. ಸಭೆಯಲ್ಲಿ ನಿಲ್ಲೋದು ಬೇಡ."

"ಆಯ್ತು."

"ಭಾನುವಾರ ಊಟಕ್ಕೆ ಪಕ್ಕದೂರಿನ ಗುರುಗಳೂ ಬರ್ತಾರೆ. ಸ್ವಲ್ಪ ಬೇಗ ಬಾ."

"ಆಯ್ತು," ಎಂದಳು ಆಕೆ, ಅದೇ ದನಿಯಲ್ಲಿ.

ಮರುದಿನ ಹೆಂಗಸರು ಯಂತ್ರಗಳನ್ನು ಬಿಟ್ಟು ಮ್ಯಾನೇಜರ್ ಕೋಣೆಯ ಮುಂದೆ ನಿಂತರು. ಗುರುಗಳೂ ಗೋಡೆಗೆ ಒರಗಿ, ನೋಯುವ ಕಾಲನ್ನು ಬದಲಿಸುತ್ತ ಜೊತೆಗೆ ನಿಂತರು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ಹಾಸಿಗೆಬಟ್ಟೆ ಕೇಳಿ ಫೋನಿನ ಮೇಲೆ ಫೋನು. ಸಂಜೆಯಾಗುವ ಮೊದಲೇ ಮ್ಯಾನೇಜರ್ ಹೊರಗೆ ಬಂದ. ಅವನಿಗೂ ಸಾಕುಸಾಕಾಗಿತ್ತು.

"ಭಾನುವಾರ ಬೀಗ ಹಾಕ್ತೀನಿ. ಸರಿ ತಾನೆ?"

ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಗುರುಗಳು ಮ್ಯಾನೇಜರನ್ನು ಪಕ್ಕಕ್ಕೆ ಕರೆದರು.

"ಒಂದು ವಿಷಯ ಕೇಳ್ತೀನಿ. ನಮ್ಮ ಮಾತೆಲ್ಲ ನಿಮಗೆ ಯಾರು ಮುಟ್ಟಿಸ್ತಿದ್ರು?"

ಆತ ಸಪ್ಪಗೆ ನಕ್ಕ. "ಯಾರು ಮುಟ್ಟಿಸಬೇಕು ಫಾದರ್? ನಿಮ್ಮ ಹಾಲ್‌ ಎದುರೇ ನನ್ನ ಮನೆ. ನಿಮ್ಮ ಆರ್ಗನ್ ಮೇಷ್ಟ್ರು ಬಾಯಿ ತೆಗೆದ್ರೆ ನಮ್ಮಜ್ಜಿಗೂ ಕೇಳುತ್ತೆ. ಅಜ್ಜಿಗೆ ಕಿವಿ ಮಂದ."

ದಾರಿಯುದ್ದಕ್ಕೂ ಗುರುಗಳಿಗೆ ಮುಖ ಸುಡುತ್ತಿತ್ತು. ಮನೆಯಲ್ಲಿ ಊಟ ಬಿಸಿಯಾಗಿ ಕಾಯುತ್ತಿತ್ತು. ಅಡುಗೆಯಾಕೆ ಬಡಿಸಿದಳು. ಕ್ಷಮೆ ಕೇಳಬೇಕು ಎಂದುಕೊಂಡರು, ಮಾತು ನಾಲಿಗೆಯ ತುದಿಯವರೆಗೂ ಬಂದು ನಿಂತಿತು.

"ನೀನು ಲಾಂಡ್ರಿ ಹತ್ರ ಯಾಕೆ ಹೋಗ್ತಿದ್ದೆ?" ಎಂದಷ್ಟೇ ಕೇಳಿದರು.

"ಇಸ್ತ್ರಿ ಅಕ್ಕನ ಹತ್ರ ಒಂದು ಮಾತು ಕೇಳೋದಿತ್ತು."

"ಕೇಳಿದ್ಯಾ?"

"ಕೇಳ್ದೆ. ಬರ್ತೀನಿ ಅಂದ್ರು."

ಎಲ್ಲಿಗೆ ಎಂದು ಕೇಳಬಹುದಿತ್ತು. ಕಣ್ಣು ಎಳೆಯುತ್ತಿತ್ತು. ಗುರುಗಳು ತಟ್ಟೆ ಸರಿಸಿ ಎದ್ದರು. ಆಕೆ ತಟ್ಟೆ ತೊಳೆಯಲು ಹೋದಳು.

ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರ ಬೆಂಚುಗಳು ತುಂಬಿ, ಮಕ್ಕಳು ತೊಡೆಗಳ ಮೇಲೆ ಕೂತಿದ್ದರು. ಗುರುಗಳು ವಿಶ್ರಾಂತಿಯ ಬಗ್ಗೆಯೇ ಪ್ರವಚನ ಮಾಡಿದರು. ಲೋಕವನ್ನು ಸೃಷ್ಟಿಸಿದ ದೇವರೇ ಒಂದು ದಿನ ಕೈಕಟ್ಟಿ ಕೂತ ಎಂದರು. ದುಡಿಯುವವರಿಂದ ಆ ದಿನವನ್ನು ಕಸಿದುಕೊಳ್ಳುವವರು ದೇವರ ಕೈಯಿಂದಲೇ ಕಸಿಯುತ್ತಾರೆ ಎಂದರು. ಎಷ್ಟೋ ಕಾಲದ ನಂತರ ತಮ್ಮ ಮಾತು ತಮಗೇ ನಿಜವಾಗಿ ಕೇಳಿಸಿತು.

ಪೂಜೆ ಮುಗಿಸಿ ಹಸಿದುಕೊಂಡು ಮನೆಯ ಕಡೆ ನಡೆದರು. ಗೇಟಿನ ಮುಂದೆ ಲಾಂಡ್ರಿಯ ಹೆಂಗಸರೆಲ್ಲ ನಿಂತಿದ್ದರು. ಗುರುಗಳ ಎದೆ ತುಂಬಿ ಬಂತು.

"ಇದೆಲ್ಲ ಯಾಕಮ್ಮ? ಥ್ಯಾಂಕ್ಸ್ ದೇವರಿಗೆ ಹೇಳಿ, ಸಾಕು. ಬನ್ನಿ, ಒಳಗೆ ಬನ್ನಿ. ಚಹಾ ಮಾಡಿಸ್ತೀನಿ."

ಯಾರೂ ಕದಲಲಿಲ್ಲ. ಯಾರೂ ಕೂಗಲೂ ಇಲ್ಲ. ಇಸ್ತ್ರಿ ಅಕ್ಕ ಸ್ವಲ್ಪ ಪಕ್ಕಕ್ಕೆ ಸರಿದಳು. ಅವಳ ಹಿಂದೆ, ಊರಿಗೆ ಹೊರಟವಳಂತೆ ಒಳ್ಳೆಯ ಬಟ್ಟೆಯುಟ್ಟು, ಕೈಯಲ್ಲಿ ಚೀಲ ಹಿಡಿದು, ನೆಲ ನೋಡುತ್ತ ಅಡುಗೆಯಾಕೆ ನಿಂತಿದ್ದಳು.

"ಇವರ ಮಗಳು ಹೆತ್ತು ಎಷ್ಟೋ ಕಾಲವಾಯ್ತು, ಒಂದು ದಿನವೂ ರಜೆ ಸಿಗದೆ ಮೊಮ್ಮಗುವಿನ ಮುಖ ಇನ್ನೂ ನೋಡಿಲ್ಲ," ಎಂದಳು ಇಸ್ತ್ರಿ ಅಕ್ಕ. "ನಾವು ಲಾಂಡ್ರಿ ವಿಷಯಕ್ಕೆ ಬಂದಿಲ್ಲ, ಫಾದರ್. ಈ ಸಲ ಮಾಲೀಕರು ನೀವು."