ತಿಪ್ಪಕ್ಕನ ಬಾಯಲ್ಲಿ ರಮಾ

ತಿಪ್ಪಕ್ಕನ ಮನೆಯೊಳಗಿಂದ ತನ್ನದೇ ದನಿ ಕೇಳಿ ರಮಾ ಬಾಗಿಲಲ್ಲೇ ನಿಂತಳು. ರಮಾಳ ಕೂಸು ಇವತ್ತೂ ಉಣ್ಣದೆ ಅತ್ತರೆ ನಾಳೆಯಿಂದ ನೋಡಿಕೊಳ್ಳುವುದಿಲ್ಲ ಎಂದು ಬೆಳಿಗ್ಗೆಯೇ ಹೇಳಿದ್ದಳು ತಿಪ್ಪಕ್ಕ. ಓಣಿಯಲ್ಲಿ ಕೂಸು ನೋಡುವವರು ಬೇರೆ ಯಾರೂ ಇಲ್ಲ; ಕೂಸನ್ನು ಇಲ್ಲಿ ಬಿಟ್ಟು ಹೋಗದಿದ್ದರೆ ರಮಾಳಿಗೆ ಗದ್ದೆಯ ನಾಟಿ ಕೆಲಸವೂ ಇಲ್ಲ.

"ಅಯ್ಯಯ್ಯವ್ವಾ, ನಡಾ ಹೋತಲ್ಲೇ! ಜಲ್ದಿ ಉಣ್ಣು, ನಾ ಬಿದ್ಕೊಬೇಕು!" ತೊಟ್ಟಿಲಿಗೆಂದು ರಮಾ ಕೊಟ್ಟಿದ್ದ ಹಳೆ ಸೀರೆ ಹೊದ್ದು, ಸಂಜೆ ದಣಿದು ಬರುವ ಅವಳಂತೆಯೇ ಸೊಂಟ ಹಿಡಿದು ಆಕಳಿಸುತ್ತಿದ್ದಳು ತಿಪ್ಪಕ್ಕ. ಕೂಸು ಕೇಕೆ ಹಾಕಿ ಬಾಯಿ ತೆರೆದಾಗಲೆಲ್ಲ ತುತ್ತು ಒಳಗೆ.

ರಮಾಳನ್ನು ಕಂಡು ನಾಲಗೆ ಕಚ್ಚಿಕೊಂಡಳು. "ಸಿಟ್ಟಾಗಬ್ಯಾಡವ್ವ. ಹಿಂಗ ಮಾಡಿದ್ರ ಉಣ್ತೈತಿ. ನಾಳೆನೂ ಬಿಟ್ಟೋಗು."

ರಮಾ ಕೈ ಚಾಚಿದಳು. ಕೂಸು ಇಬ್ಬರನ್ನೂ ನೋಡಿ ತಿಪ್ಪಕ್ಕನ ಸೆರಗಿಗೇ ಅಂಟಿಕೊಂಡಿತು. ತಿಪ್ಪಕ್ಕನಿಗೆ ನಗು ತಡೆಯಲಾಗಲಿಲ್ಲ.

"ನಕಲಿ ಅವ್ವನೇ ಚಲೋ ಆದಳೇನಲೇ?" ಎನ್ನುತ್ತ ರಮಾ ನೆಲಕ್ಕೆ ಕುಸಿದು ಕುಳಿತು, ಅವಳಿಗಿಂತ ಜೋರಾಗಿ ನಕ್ಕಳು.