ಕೋಟಿನ ಜೇಬಿನಲ್ಲಿ ಬನ್ನಿ

ಮೊನ್ನೆ ಅಪ್ಪನ ಹಳೆಯ ಕೋಟನ್ನು ಬಿಸಿಲಿಗೆ ಹಾಕುವಾಗ ಒಳಜೇಬಿನಿಂದ ಒಣಗಿದ ಬನ್ನಿ ಎಲೆಗಳು ಉದುರಿದವು.

ಆ ಕೋಟು ಹೊಲಿದವರು ದುರ್ಗದಬೈಲಿನ ದರ್ಜಿ ಬಾಬಾಜಾನ್ ಕಾಕಾ. ಅಪ್ಪನಿಗಿಂತ ಎರಡು ವರ್ಷ ದೊಡ್ಡವರು, ಶಾಲೆಯ ದಿನಗಳಿಂದಲೂ ಗೆಳೆಯರು. ದಸರೆಯ ದಿನ ಸಣ್ಣವರೇ ದೊಡ್ಡವರ ಮನೆಗೆ ಹೋಗಿ ಬನ್ನಿ ಕೊಡಬೇಕು. ಹಾಗಾಗಿ ಪ್ರತಿವರ್ಷ ಅಪ್ಪ ಮೊದಲು ಕಾಕಾನ ಮನೆಗೇ ಹೋಗುತ್ತಿದ್ದರು.

ಒಂದು ವರ್ಷ ಊರಲ್ಲಿ ಹಿಂದೂ-ಮುಸಲ್ಮಾನರ ಗಲಾಟೆಯಾಗಿ ಕರ್ಫ್ಯೂ ಹಾಕಿದ್ದರು. ಹಬ್ಬಕ್ಕೆಂದು ಮಧ್ಯಾಹ್ನ ಎರಡು ತಾಸು ಸಡಿಲಿಸಿದ್ದರು. ಓಣಿಯ ಹಿರಿಯರು ಬೆಳಿಗ್ಗೆಯೇ ಬಂದು, "ಈ ಸಲ ಆ ಕಡೆ ಯಾರೂ ಬನ್ನಿ ಕೊಡಾಕ ಹೋಗಬ್ಯಾಡ್ರಿ" ಎಂದು ಹೇಳಿಹೋಗಿದ್ದರು. ಅಪ್ಪ ಕೋಟು ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತೇ ಇದ್ದರು.

ಎರಡು ತಾಸು ಮುಗಿಯುತ್ತ ಬಂದಾಗ ಯಾರೋ ಬಾಗಿಲು ಬಡಿದರು. ನಾನು ತೆಗೆದೆ. ಕಾಕಾ ಬೆವತು ನಿಂತಿದ್ದರು. ಕೈಯಲ್ಲಿ ಕರವಸ್ತ್ರ, ಅದರೊಳಗೆ ಬನ್ನಿ.

ಅಪ್ಪ ಎದ್ದು ಬಂದರು. "ನಾನ ಬರಬೇಕಿತ್ತು, ಭಾಯ್."

"ಈ ವರ್ಷ ನೀನ ದೊಡ್ಡಾಂವ ಆಗು, ಚನ್ನಪ್ಪ. ತಗೋ, ಬಂಗಾರದಂಗ ಇರೂಣು."

ಅಪ್ಪ ಎರಡೂ ಕೈಯೊಡ್ಡಿ ತೆಗೆದುಕೊಂಡು ಕೋಟಿನ ಒಳಜೇಬಿಗೆ ಹಾಕಿಕೊಂಡರು. ಎದುರು ಮನೆಯ ಕಿಟಕಿ ತೆರೆದಿತ್ತು. ಅದನ್ನು ನೋಡಿ, ಹೊಸ್ತಿಲಲ್ಲೇ ನಿಂತು, "ಲಗೂ ಮನಿ ಮುಟ್ಟು. ಟೈಮ್ ಆತು" ಎಂದರು.

ಅವ್ವ ತಾಟಿನಲ್ಲಿ ಹೋಳಿಗೆ, ಮೇಲೆ ತುಪ್ಪ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ತಾಟನ್ನು ನನ್ನ ಮುಂದಿಟ್ಟಳು. ನಾನು ಪೂರ್ತಿ ತಿಂದೆ.