ಹಳದಿ ಲಂಗ

ಹರಳೆಣ್ಣೆ ಕಾಯಿಸಿದ ವಾಸನೆ ಬಂದರೆ ಇಂದಿಗೂ ನನ್ನ ಕಣ್ಣು ಬಟ್ಟೆಯ ಚೀಲ ಎಲ್ಲಿದೆಯೆಂದು ಹುಡುಕುತ್ತದೆ ಎಂಬ ವಿಷಯವನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ.

ತಮ್ಮ ಹುಟ್ಟಿದಾಗ ಮಕ್ಕಳಿಲ್ಲದ ದೊಡ್ಡವ್ವ ಹೊಳಲ್ಕೆರೆಯಿಂದ ಮತ್ತೋಡಿನ ನಮ್ಮ ಮನೆಗೆ ಬಂದಿದ್ದಳು. ಬಾಣಂತಿಯ ಆರೈಕೆಗೆಂದು ಬಂದವಳು ಆ ಮಧ್ಯಾಹ್ನ ನನ್ನ ನೆತ್ತಿಗೆ ಬಿಸಿ ಎಣ್ಣೆ ತಟ್ಟತೊಡಗಿದ್ದು ಸಂಶಯಕ್ಕೆ ಕಾರಣವಾಯಿತು. ನನ್ನ ಬಟ್ಟೆಗಳು ಆಕೆಯ ಚೀಲದಲ್ಲಿರುವುದನ್ನು ನಾನು ಆಗಲೇ ನೋಡಿದ್ದೆ. ಒರಟು ಅಂಗೈಯಾದರೂ ನೋವಾಗದಂತೆ ತಟ್ಟುತ್ತಿದ್ದಳು. ಅದೂ ಅನುಮಾನಾಸ್ಪದವಾಗಿಯೇ ಕಂಡಿತು.

"ಈ ಹುಡುಗೀನ ನಾನೇ ಜ್ವಾಪಾನ ಮಾಡ್ತೀನಿ ಬಿಡವ್ವ," ಎಂದಳು ದೊಡ್ಡವ್ವ.

"ಸಾಕ್ಕಳವ್ವ, ನಿನಗೂ ಒಂದು ಜೀವ ಆಗ್ತೈತೆ," ಎಂದಳು ಹೊಸ್ತಿಲಲ್ಲಿ ಕುಳಿತಿದ್ದ ಅಜ್ಜಿ.

ಕೋಣೆಯೊಳಗೆ ಅವ್ವ ತಮ್ಮನ ತೊಟ್ಟಿಲು ತೂಗುತ್ತಲೇ ಇದ್ದಳು.

ನಮ್ಮ ಮನೆಯಲ್ಲಿ ಸಾಕುತ್ತಿದ್ದುದು ಆಡುಗಳನ್ನು. ಅವಕ್ಕೂ ಸೊಪ್ಪು ತಿನ್ನಿಸಿ ಮೈದಡವುತ್ತಿದ್ದರು. ಆಮೇಲೆ ಒಂದು ದಿನ ಸಂತೆಯವನು ಬಂದು ಹಗ್ಗ ಹಿಡಿದು ಎಳೆದೊಯ್ಯುತ್ತಿದ್ದ.

"ನನ್ನ ಸಾಕಿ ಯಾರಿಗೆ ಕೊಡ್ತೀಯ ದೊಡ್ಡವ್ವ?" ಎಂದು ವಿಚಾರಿಸಿದೆ.

ಅಜ್ಜಿ ನಕ್ಕಳು. "ಏ ಹುಚ್ಚಿ, ನಿನ್ನ ಯಾರು ಕೊಂಡ್ಕತಾರೆ?"

ದೊಡ್ಡವ್ವ ನಗಲಿಲ್ಲ. ನೆತ್ತಿಯ ಮೇಲೆ ಕೈ ನಿಂತಿತು. "ಏಳವ್ವ, ನೀರು ಕಾದೈತೆ," ಎಂದಳು.

ಸಂಜೆಯ ಬಸ್ಸಿಗೆ ಆಕೆ ಒಬ್ಬಳೇ ಹೊರಟಳು. ನನ್ನ ಬಟ್ಟೆಗಳೆಲ್ಲ ಮತ್ತೆ ಗೋಡೆಯ ಗೂಡು ಸೇರಿದ್ದವು. ಆದರೂ ನಂಬದೆ ಒಂದೊಂದನ್ನೂ ಬಿಚ್ಚಿ ಪರಿಶೀಲಿಸಿದೆ. ಎಣ್ಣೆ ಕಲೆಯ ಹಳದಿ ಲಂಗ ಮಾತ್ರ ಇರಲಿಲ್ಲ. ಓಡಿಹೋಗಿ ದೊಡ್ಡವ್ವ ಲಂಗ ಒಯ್ದಳೆಂದು ಅವ್ವನಿಗೆ ದೂರು ಹೇಳಿದೆ.

"ಇರ್ಲಿ ಬಿಡು," ಎಂದು ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು.